ಅಜ್ಜಿಯ ಧಾವ್‌ಪಟ್ಟಿ

ನಮ್ಮ ಅಜ್ಜಿಗೆ ಪಟ್ಟಿ ಎಂದರೆ ಒಂದೇ ಅರ್ಥ. ಗಣಪತಿ ಕೂಡಿಸುವವರು, ಗುಡಿಗೆ ಸುಣ್ಣ ಬಳಿಸುವವರು, ಬಾವಿಯ ಹೂಳು ತೆಗೆಸುವವರು ಮನೆ ಮನೆಗೆ ಬಂದು ಎತ್ತುವ ವಂತಿಗೆ. ಧಾರವಾಡದ ಕಡೆ ಈಗಲೂ ಹಾಗೇ ಅನ್ನುತ್ತಾರೆ, ಪಟ್ಟಿ ಎತ್ತುವುದು, ಪಟ್ಟಿ ಹಾಕುವುದು. ನಾಗಪುರಕ್ಕೆ ಬಂದ ಮೇಲೆ ಆ ಅರ್ಥ ಆಕೆಯ ತಲೆಯಲ್ಲಿ ಇನ್ನಷ್ಟು ಗಟ್ಟಿಯಾಯಿತು. ನಾವು ಮೊದಲು ಬಾಡಿಗೆಗಿದ್ದ ಮನೆಯ ಮಾಲೀಕರು ಆಗಾಗ ಮಹಡಿ ಹತ್ತಿ ಬಂದು ಘರ್‌ಪಟ್ಟಿ ಏರಿತು, ಪಾಣಿಪಟ್ಟಿ ಏರಿತು ಎಂದು ಮರಾಠಿಯಲ್ಲಿ ಗೋಳಾಡಿ ಹೋಗುತ್ತಿದ್ದರು. ಅವು ನಗರಪಾಲಿಕೆಯ ತೆರಿಗೆಗಳು, ಮನೆಗೊಂದು ಪಟ್ಟಿ, ನೀರಿಗೊಂದು ಪಟ್ಟಿ. ಹೀಗಿರುವಾಗ ಅಪ್ಪ ಒಂದು ಸಂಜೆ ಕಚೇರಿಯಿಂದ ಬಂದು ಬೂಟು ಬಿಚ್ಚುತ್ತ, "ಧಾವ್‌ಪಟ್ಟಿಗೆ ಈ ವರ್ಷನೂ ರೊಕ್ಕ ಬರಲಿಲ್ಲ" ಎಂದರೆ ಅಜ್ಜಿ ಇನ್ನೇನು ತಿಳಿಯಬೇಕು?

"ಕೊಡವಲ್ರೇನು ಮಂದಿ?" ಎಂದು ಕೇಳಿದಳು.

"ಮಂದಿ ಅಲ್ಲಬೇ ಯವ್ವಾ, ಸರಕಾರ ಕೊಡಬೇಕು."

"ಸರಕಾರದವ್ರೂ ಮಂದೀನ ಅಲ್ಲೇನು? ಮನಿಗೆ ಹೋಗಿ ಕೇಳಬೇಕಪಾ. ಕುಂತಲ್ಲೇ ಕುಂತ್ರ ಪಟ್ಟಿ ಯಾರು ಹಾಕ್ತಾರ?"

ಧಾವ್‌ಪಟ್ಟಿ ಎಂದರೆ ಮರಾಠಿಯಲ್ಲಿ ವಿಮಾನ ಓಡುವ ಹಾದಿ, ರನ್‌ವೇ. ಅಪ್ಪನ ಕೈಕೆಳಗಿನ ಕೆಲಸಗಾರರೆಲ್ಲ ಹಾಗೇ ಅನ್ನುತ್ತಿದ್ದುದರಿಂದ ಅಪ್ಪನ ಬಾಯಿಗೂ ಅದೇ ಹತ್ತಿತ್ತು. ಒಂದೆರಡು ಸಲ ಆತ ಅಜ್ಜಿಗೆ ತಿಳಿಹೇಳಿದ. ಆಕೆ ಎಲ್ಲ ಕೇಳಿ, "ಹೌದಲ್ಲ, ವಿಮಾನದ ಹಾದಿಗೆ ಪಟ್ಟಿ" ಎಂದಳು. ಆಮೇಲೆ ಅಪ್ಪನೂ ಬಿಟ್ಟ. ನಮಗೂ ಅದು ಚೇಷ್ಟೆಯ ಮಾತಾಯಿತು. ಹಬ್ಬಕ್ಕೆ ಹೊಸ ಅಂಗಿ ಕೇಳಿದರೆ ಅವ್ವ, "ಮೊದಲ ಧಾವ್‌ಪಟ್ಟಿ ಬರ್ಲಿ" ಎನ್ನುವಳು. ಬರುವುದಿಲ್ಲ ಎಂದು ಅದರ ಅರ್ಥ.

ಅಪ್ಪ ಕೇಂದ್ರ ಸರಕಾರದ ವಿಮಾನ ಇಲಾಖೆಯಲ್ಲಿ ಸಿವಿಲ್ ಕೆಲಸಗಳ ಎಂಜಿನಿಯರ್. ನಾಗಪುರದ ದೊಡ್ಡ ವಿಮಾನ ನಿಲ್ದಾಣಕ್ಕೆ ದೊಡ್ಡ ಸಾಹೇಬರಿದ್ದರು. ಅಪ್ಪನ ಪಾಲಿಗೆ ಬಂದದ್ದು ಸುತ್ತಲಿನ ಸಣ್ಣ ಪಟ್ಟಿಗಳು. ಯುದ್ಧದ ಕಾಲದಲ್ಲಿ ಯಾರೋ ಹಾಕಿಸಿ ಬಿಟ್ಟುಹೋದವು, ಆಮೇಲೆ ಮಂತ್ರಿಗಳು ಬರುವ ದಿನ ಮಾತ್ರ ನೆನಪಾಗುವವು. ಅದರಲ್ಲಿ ಒಂದರ ಮೇಲೆ ಆತನಿಗೆ ಜೀವ. ಅದು ಪೂರ್ವದಿಕ್ಕಿನ ಕಾಡಿನ ಜಿಲ್ಲೆಯಲ್ಲಿತ್ತು. ಸರಕಾರದ ಕೆಂಪು ಎಸ್ಟಿ ಬಸ್ಸಿನಲ್ಲಿ ಮುಂಜಾನೆ ಹತ್ತಿದರೆ ಮಧ್ಯಾಹ್ನ ದಾಟಿದ ಮೇಲೆ ಸೊಂಟ ಹಿಡಿದುಕೊಂಡು ಇಳಿಯಬೇಕು. ಮಳೆಗಾಲದ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅಪ್ಪ ಅಲ್ಲಿಗೆ ಹೋಗಿ, ಆ ತುದಿಯಿಂದ ಈ ತುದಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ನಡೆಯುತ್ತಿದ್ದ. ಟೊಳ್ಳು ಶಬ್ದ ಬಂದಲ್ಲಿ ಸುಣ್ಣದ ಗುರುತು ಹಾಕುತ್ತಿದ್ದ. ಮನೆಗೆ ಬಂದಾಗ ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳುಬೀಜ. ಅವ್ವ ಅವನ್ನು ಒಂದೊಂದಾಗಿ ಕೀಳುತ್ತ, "ಇದು ಹೊಲಾನೋ ಇಮಾನದ ಹಾದೀನೋ?" ಎಂದು ಗೊಣಗುತ್ತಿದ್ದಳು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ಇಲ್ಲಿ ದೇವರು ದಿಲ್ಲಿಯಲ್ಲಿ, ಪೂಜಾರಿಗಳು ಮುಂಬಯಿಯಲ್ಲಿ. ಪಟ್ಟಿ ನಮ್ಮದಲ್ಲ, ರಾಜ್ಯದ್ದು ಎಂದು ದಿಲ್ಲಿಯವರು, ವಿಮಾನ ಅಂದರೆ ಕೇಂದ್ರದ್ದು ಎಂದು ಮುಂಬಯಿಯವರು. ವರ್ಷಕ್ಕೆ ಸಿಗುತ್ತಿದ್ದದ್ದು ಹುಲ್ಲು ಕೊಯ್ಯಿಸುವಷ್ಟು. ಗಾಳಿ ಯಾವ ಕಡೆ ಬೀಸುತ್ತದೆಂದು ವಿಮಾನದವರಿಗೆ ತೋರಿಸಲು ಕಂಬದ ಮೇಲೆ ಒಂದು ಬಟ್ಟೆಯ ಚೀಲ ಕಟ್ಟಿರುತ್ತಾರೆ. ಆ ಚೀಲ ಹರಿದಾಗ ಹೊಸದಕ್ಕೆ ಹಣವಿಲ್ಲ ಎಂದರು. ಅಪ್ಪ ಇತವಾರಿ ಪೇಟೆಯ ಅಂಗಡಿಯಿಂದ ಕೇಸರಿ ಮತ್ತು ಬಿಳಿ ದಪ್ಪ ಬಟ್ಟೆ ತಂದ. ನಮ್ಮ ಅಕ್ಕ ಅವ್ವನ ಹೊಲಿಗೆ ಯಂತ್ರದ ಮೇಲೆ ಅದನ್ನು ಹೊಲಿದಳು. ಹೊಲಿಯುವಾಗ ನಾನು ಅದರೊಳಗೆ ತಲೆ ತೂರಿಸಿ ಕುಣಿದಿದ್ದೆ. ದೇಶದ ಒಂದು ವಿಮಾನ ನಿಲ್ದಾಣದ ಗಾಳಿ ನಮ್ಮ ಮನೆಯ ಯಂತ್ರದಲ್ಲಿ ಹೊಲಿದ ಚೀಲದಿಂದ ತಿಳಿಯುತ್ತದೆ ಎಂದು ಶಾಲೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಅಕ್ಕನ ಮದುವೆ ಬ್ಯಾಂಕಿನಲ್ಲಿದ್ದ ನಮ್ಮ ಕಡೆಯ ಹುಡುಗನ ಜೊತೆ ಆಯಿತು. ಮರುವರ್ಷ ಭಾವನಿಗೆ ವರ್ಗವಾಯಿತು, ಅದೂ ಅಪ್ಪನ ಆ ಪಟ್ಟಿ ಇದ್ದ ಊರಿಗೇ. ಅವ್ವನ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ, "ಅಪ್ಪ ಹಾದಿ ಮಾಡಿಟ್ಟಾನ, ಮಗಳು ಹೊಂಟಾಳ, ಅದಕ್ಯಾಕ ಅಳಬೇಕು?" ಎಂದಳು. ಅಕ್ಕ ಅಲ್ಲಿಂದ ಕಾಗದ ಬರೆಯುವಾಗ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದರೆ ತಾನು ಹೊಲಿದ ಚೀಲ ಕಾಣುತ್ತದೆಂದು ಬರೆಯುತ್ತಿದ್ದಳು. ವಿಮಾನ ಮಾತ್ರ ಒಂದೂ ಕಂಡಿಲ್ಲ, ಎಮ್ಮೆಗಳು ಕಾಣುತ್ತವೆ ಎಂದೂ ಬರೆಯುತ್ತಿದ್ದಳು.

ಅಕ್ಕ ಬಸುರಾದಾಗ ಅಜ್ಜಿ ತನ್ನ ಹಳೆಯ ಕಾಲ್ಗಡಗಗಳನ್ನು ತೆಗೆದುಕೊಂಡು ಅಪ್ಪನ ಸ್ಕೂಟರಿನ ಹಿಂದೆ ಕೂತು ಇತವಾರಿಗೆ ಹೋದಳು. ಅವನ್ನು ಕರಗಿಸಿ ಕೂಸಿಗೆ ಬೆಳ್ಳಿಯ ಉಡದಾರ ಮಾಡಿಸಿದಳು. ಸಣ್ಣ ಗೆಜ್ಜೆ ಇದ್ದ ಉಡದಾರ. ಹಳದಿ ಬಟ್ಟೆಯಲ್ಲಿ ಸುತ್ತಿ ದೇವರ ಮುಂದೆ ಇಟ್ಟಳು. ಸಂಕ್ರಾಂತಿ ಆದ ಮೇಲೆ ಕುಬಸ ಮಾಡಿ ಅಕ್ಕನನ್ನು ಚೊಚ್ಚಿಲ ಹೆರಿಗೆಗೆ ತವರಿಗೆ ಕರೆತರುವುದೆಂದು ಮಾತಾಗಿತ್ತು.

ಡಿಸೆಂಬರಿನಲ್ಲಿ ನಾಗಪುರಕ್ಕೆ ಸರಕಾರವೇ ಬಂದು ಕೂತಿರುತ್ತದೆ. ವಿಧಾನಸಭೆಯ ಚಳಿಗಾಲದ ಅಧಿವೇಶನ. ಊರಿನ ತುಂಬ ಕೆಂಪು ದೀಪದ ಗಾಡಿಗಳು, ಮೋರ್ಚಾಗಳು. ಅಂಥ ಒಂದು ಮುಂಜಾನೆ ಪಕ್ಕದ ಮನೆಯ ಫೋನಿಗೆ ಭಾವ ಕರೆ ಮಾಡಿದರು. ಅಕ್ಕನಿಗೆ ರಕ್ತಸ್ರಾವ ಶುರುವಾಗಿತ್ತು. ಅಲ್ಲಿಯ ಡಾಕ್ಟರು, ಆಪರೇಶನ್ ಬೇಕು, ಇಲ್ಲಿ ಅರಿವಳಿಕೆ ಕೊಡುವವರಿಲ್ಲ, ರಕ್ತವೂ ಇಲ್ಲ, ನಾಗಪುರಕ್ಕೆ ಒಯ್ಯಿರಿ, ಆದರೆ ಹಾದಿಯಲ್ಲಿ ಕುಲುಕಾಡಬಾರದು ಎಂದರಂತೆ. ಕುಲುಕದೆ ಬರುವ ಹಾದಿ ಆ ಊರಿಗೆ ಇರಲಿಲ್ಲ. ಘಟ್ಟದ ರಸ್ತೆ ಅಗೆದಿದ್ದರು, ನದಿಯ ಸೇತುವೆಯ ಪಕ್ಕದಲ್ಲಿ ಕಲ್ಲಿನ ಮೇಲೆ ಗಾಡಿ ಇಳಿಸಿ ಹತ್ತಿಸುತ್ತಿದ್ದರು.

ಅವ್ವ ಅಳಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಹಿಂದಿನ ಸಾಲಿನ ಮನೆಗೆ ಓಡಿದಳು. ಅಲ್ಲಿ ಮೈಸೂರಿನ ಕಡೆಯವರೊಬ್ಬರಿದ್ದರು. ವಾಯುಸೇನೆಯಿಂದ ನಿವೃತ್ತರಾಗಿ ಒಬ್ಬ ಕಾರ್ಖಾನೆ ಮಾಲೀಕರ ಸಣ್ಣ ವಿಮಾನ ಹಾರಿಸುತ್ತಿದ್ದರು. ಯುಗಾದಿಗೆ ನಮ್ಮ ಮನೆಗೆ ಹೋಳಿಗೆಗೆ ಬರುವವರು, ಒಳ್ಳೆಯ ಮನುಷ್ಯ. ಅಲ್ಲಿಂದಲೇ ಮಾಲೀಕರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಅವ್ವನ ಜೊತೆಗೇ ನಮ್ಮ ಮನೆಗೆ ಬಂದರು. ಅಪ್ಪ ಆಗ ನಡುಮನೆಯಲ್ಲಿ ಅಂಗಿಯ ಒಂದು ತೋಳಿಗೆ ಕೈ ಹಾಕಿ, ಇನ್ನೊಂದಕ್ಕೆ ಹಾಕುವುದನ್ನು ಮರೆತು ನಿಂತಿದ್ದ.

"ಸಾರ್, ಗಾಡಿ ರೆಡಿ ಇದೆ" ಎಂದರು ಅವರು. ವಿಮಾನಕ್ಕೆ ಅವರು ಗಾಡಿ ಎನ್ನುತ್ತಿದ್ದರು. "ಅರ್ಧ ಗಂಟೇಲಿ ಅಲ್ಲಿರ್ತೀನಿ. ಅಳಿಯಂದ್ರಿಗೆ ದನ ಓಡಿಸೋಕೆ ನಾಲ್ಕು ಜನ ನಿಲ್ಲಿಸೋಕೆ ಹೇಳಿ. ನಿಮ್ಮ ಪಟ್ಟಿ ಹೇಗಿದೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ. ನೀವು ಹೂಂ ಅಂದ್ರೆ ಸಾಕು."

ಅಪ್ಪ ಮಳೆ ನಿಂತ ಮೇಲೆ ಆ ಪಟ್ಟಿಯನ್ನು ತಟ್ಟಿ ಬಂದಿದ್ದ. ನಡುವಿನ ಭಾಗ ಬಾಯಿ ಬಿಟ್ಟಿದೆ, ಕೆಳಗೆ ಟೊಳ್ಳಾಗಿದೆ, ದುರಸ್ತಿಯಾಗದೆ ವಿಮಾನ ಇಳಿಸಬಾರದು ಎಂದು ಬರೆದು ಕಳಿಸಿದ್ದ. ಆತ ಪ್ರತಿವರ್ಷ ಬರೆಯುತ್ತಿದ್ದದ್ದೂ ಅದೇ, ಪ್ರತಿವರ್ಷ ಬರುತ್ತಿದ್ದ ಉತ್ತರವೂ ಒಂದೇ, ಹಣವಿಲ್ಲ. ಈಗ ಆತ ನೆಲ ನೋಡುತ್ತ ನಿಂತಿದ್ದ. ಅಲ್ಲಿಯೇ ನಿಂತು ಆ ಹಾದಿಯ ಮೇಲೆ ಮತ್ತೊಮ್ಮೆ ನಡೆಯುತ್ತಿದ್ದಾನೆಂದು ನನಗನ್ನಿಸಿತು. ಅವ್ವ ಆತನ ತುಟಿಯನ್ನೇ ನೋಡುತ್ತಿದ್ದಳು.

"ಇಳಿಸಬಹುದು ಏನೋ" ಎಂದ ಅಪ್ಪ ಕೊನೆಗೆ. "ಆದ್ರ ಆಕಿನ್ನ ಹತ್ತಿಸಿಕೊಂಡು ಏಳೂವಾಗ ನಡುವಿನ ಭಾಗ ತಾಳೂದಿಲ್ಲ. ನೀವು ಹೋಗಬ್ಯಾಡ್ರಿ."

"ನಾನು ಇದಕ್ಕಿಂತ ಕೆಟ್ಟ ಜಾಗದಲ್ಲಿ ಇಳಿಸಿದ್ದೀನಿ, ಸಾರ್."

"ಇಲ್ರಿ. ಆಗೂದಿಲ್ಲ."

ಅವ್ವ ಆಗ ಆಡಿದ ಮಾತನ್ನು ನಾನು ಮರೆತಿಲ್ಲ. "ಇಷ್ಟ ವರ್ಷ ಕಾಯ್ದ ಹಾದಿ. ನಿಮ್ಮ ಮಗಳಿಗೇ ಇಲ್ಲ ಅಂತೀರಿ" ಎಂದಳು. ಕೂಗಲಿಲ್ಲ. ಅಪ್ಪ ಇನ್ನೊಂದು ತೋಳನ್ನೂ ಹಾಕಿಕೊಂಡು, ರಕ್ತದ ಬಾಟಲಿ ಸಮೇತ ಒಂದು ಆಸ್ಪತ್ರೆಯ ಗಾಡಿ ಗೊತ್ತುಮಾಡಲು ಹೋದ. ಅತ್ತಿಂದ ಭಾವ ಜೀಪಿನಲ್ಲಿ ಅಕ್ಕನನ್ನು ಮಲಗಿಸಿಕೊಂಡು ಹೊರಟರು. ಇತ್ತಿಂದ ಅಪ್ಪ. ಘಟ್ಟದ ಈಚೆ ಇಬ್ಬರೂ ಸೇರಿದರು.

ನಾವು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂತು. ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು. ಇನ್ನೊಂದು ಆಗುವುದೂ ಸಾಧ್ಯವಿಲ್ಲ ಎಂದು ಡಾಕ್ಟರಮ್ಮ ಅವ್ವನನ್ನು ಪಕ್ಕಕ್ಕೆ ಕರೆದು ಹೇಳಿದರು. "ಥೋಡಾ ಪಹಲೆ ಲಾತೇ ತೋ" ಎಂದೂ ಅಂದರು. ಸ್ವಲ್ಪ ಮುಂಚೆ ತಂದಿದ್ದರೆ. ಅವರು ಸಹಜವಾಗಿ ಅಂದದ್ದು. ಆದರೆ ಆ ಅರ್ಧ ಮಾತು ನಮ್ಮ ಮನೆಯಲ್ಲಿ ಬಂದು ಕೂತುಬಿಟ್ಟಿತು, ಎದ್ದು ಹೋಗಲಿಲ್ಲ.

ಅಪ್ಪ ಹೇಳಿದ್ದು ಸರಿ ಎಂದು ನನಗೆ ಆಗಲೂ ಗೊತ್ತಿತ್ತು. ಅದೇ ತೊಂದರೆ. ತಪ್ಪು ಮಾಡಿದವರ ಮೇಲೆ ಸಿಟ್ಟು ಮಾಡಬಹುದು, ಸರಿ ಮಾಡಿದವರ ಮೇಲೆ ಏನು ಮಾಡುವುದು? ದಿಲ್ಲಿಯ ಮೇಲೆ ಸಿಟ್ಟು ಮಾಡಿದರೆ ದಿಲ್ಲಿಗೆ ಕೇಳಿಸುವುದಿಲ್ಲ. ಹೀಗಾಗಿ ಸಿಟ್ಟೆಲ್ಲ ಮನೆಯೊಳಗೇ ಸುತ್ತಿತು. ಅವ್ವ ಆಸ್ಪತ್ರೆಯಲ್ಲೇ ಅಕ್ಕನಿಗೆ ವಿಮಾನದ ವಿಷಯ ಹೇಳಿಬಿಟ್ಟಳು. ಆಸ್ಪತ್ರೆಯಿಂದ ಚೇತರಿಸಿಕೊಳ್ಳಲು ನಮ್ಮ ಮನೆಗೇ ಬಂದ ಅಕ್ಕ ಅಂದಿನಿಂದ ಅಪ್ಪನ ಜೊತೆ ಮಾತಾಡಲಿಲ್ಲ. ಜಗಳವಿಲ್ಲ, ಮುಖ ತಿರುಗಿಸುವುದಿಲ್ಲ. "ಅಪ್ಪಗ ಊಟಕ್ಕ ಬಾ ಅನ್ನು" ಎಂದು ನನಗೆ ಹೇಳುವಳು. ಅಪ್ಪ ಎದುರಿಗೇ ಕೂತಿರುತ್ತಿದ್ದ. ಆತ ಸೋತ ಮನುಷ್ಯನ ಹಾಗೆ ಎದ್ದು ಬಂದು ತಟ್ಟೆಯ ಮುಂದೆ ಕೂರುತ್ತಿದ್ದ. ನನಗೆ ಆತನ ಮೇಲೆ ಆ ದಿನಗಳಲ್ಲಿ ಬಂದಷ್ಟು ಪ್ರೀತಿ ಮುಂದೆಂದೂ ಬರಲಿಲ್ಲ. ಅದನ್ನು ಹೇಳಲು ಮಾತ್ರ ಆಗಲಿಲ್ಲ.

ವಿಮಾನ ಹಾರಿಸುವ ಆ ಮೈಸೂರಿನವರು ತಿಂಗಳಾದ ಮೇಲೆ ಯಾವುದೋ ಕೆಲಸಕ್ಕೆ ಆ ಕಡೆ ಹೋದಾಗ ಪಟ್ಟಿಯ ಮೇಲೆ ತಾವೇ ನಡೆದು ನೋಡಿ ಬಂದರು. ನಮ್ಮ ಮನೆಗೆ ಅಪ್ಪನಿಗೆ ಸಮಾಧಾನ ಹೇಳಲು ಬಂದಿದ್ದರೋ ಏನೋ. ಆದರೆ ಅವರೂ ಸುಳ್ಳು ಹೇಳುವವರಲ್ಲ. "ಗೊತ್ತಿಲ್ಲ, ಸಾರ್. ಗಾಡಿ ಎದ್ದರೂ ಏಳಬಹುದಿತ್ತು" ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು.

ಮಾರ್ಚ್ ಬಂತು. ಸರಕಾರದ ಕಚೇರಿಗಳಲ್ಲಿ ಮಾರ್ಚ್ ಎಂದರೆ ವರ್ಷವಿಡೀ ಇಲ್ಲದ ಹಣ ಹೇಗೋ ಉಕ್ಕುವ ತಿಂಗಳು, ಖರ್ಚು ಮಾಡದಿದ್ದರೆ ಹಿಂದಕ್ಕೆ ಹೋಗುತ್ತದೆ. ಆ ಜಿಲ್ಲೆಯ ಒಬ್ಬ ದೊಡ್ಡ ಮನುಷ್ಯರಿಗೆ ತಮ್ಮ ಊರಿಗೂ ವಿಮಾನ ಬರಬೇಕು ಎನ್ನಿಸಿತ್ತು. ಸಣ್ಣ ಊರುಗಳಿಗೆ ಹಾರುವ ಕಂಪನಿಗೆ ಖಾಲಿ ಉಳಿದ ಸೀಟಿನ ದುಡ್ಡನ್ನು ಸರಕಾರವೇ ತುಂಬಿಕೊಡುವುದು ಎಂಬ ಯೋಜನೆಯಾಯಿತು. ಅದರ ಜೊತೆಗೆ ಪಟ್ಟಿಯನ್ನು ಪೂರ್ತಿ ಹೊಸದಾಗಿ ಹಾಸಲು ಹಣ ಮಂಜೂರಾಯಿತು. ಅಪ್ಪ ಇಷ್ಟು ವರ್ಷ ಬೇಡಿದ್ದಕ್ಕಿಂತ ಹೆಚ್ಚು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಆ ಸುದ್ದಿಯನ್ನು ಅಪ್ಪ ಊಟದ ಹೊತ್ತಿಗೆ ಹೇಳಿದ. ಹೇಳಬಾರದಿತ್ತೋ ಏನೋ, ಆದರೆ ಮುಚ್ಚಿಡುವುದು ಆತನಿಗೆ ಬರುತ್ತಿರಲಿಲ್ಲ. "ಧಾವ್‌ಪಟ್ಟಿಗೆ ರೊಕ್ಕ ಬಂತು" ಎಂದ. ಅಕ್ಕ ಕೈತೊಳೆದು ಒಳಗೆ ಹೋದಳು. ಅವ್ವ ಸಾರಿನ ಪಾತ್ರೆ ಎತ್ತಿಕೊಂಡು ಹೋದಳು. ಅಜ್ಜಿಯೊಬ್ಬಳೇ, "ಎಲ್ಲಾರೂ ಹಾಕಿದ್ರೇನು?" ಎಂದು ಕೇಳಿದಳು.

"ಸರಕಾರ ಹಾಕೇತಿ" ಎಂದ ಅಪ್ಪ.

ಮರುದಿನ ಮುಂಜಾನೆ ಅಪ್ಪ ಕಚೇರಿಗೆ ಹೊರಟಾಗ ಅಜ್ಜಿ ಮಿಂದು, ದೇವರ ಕೋಣೆಯಿಂದ ಹಳದಿ ಬಟ್ಟೆಯ ಗಂಟು ಹಿಡಿದುಕೊಂಡು ಹೊರಗೆ ಬಂದಳು. ಅದರಲ್ಲೇನಿದೆ ಎಂದು ನಮಗೆಲ್ಲ ಗೊತ್ತಿತ್ತು. ಡಿಸೆಂಬರಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

"ಚಾಚು ಕೈ" ಎಂದಳು ಮಗನಿಗೆ. "ಸರಕಾರದವ್ರು ತಮ್ಮದು ಹಾಕಿದ್ರು. ಇನ್ನ ಮನಿ ಮನಿದು ಬೀಳಬೇಕಲ್ಲ. ಇದು ನಮ್ಮ ಮನೀದು. ಮತ್ತೊಬ್ಬರ ಕೂಸು ಹಾದ್ಯಾಗ ಉಳೀಬಾರದು."

ಅಪ್ಪ ಚಾಚಿದ ಅಂಗೈ ಮೇಲೆ ಅಜ್ಜಿ ಗಂಟು ಇಟ್ಟಳು, ಆದರೆ ಆತ ಬೆರಳು ಮಡಚಲಿಲ್ಲ. ಉಡದಾರದ ಗೆಜ್ಜೆ ಸಣ್ಣಗೆ ಸದ್ದು ಮಾಡಿತು. ಪಟ್ಟಿ ಹಾಕಿದವರ ಹೆಸರು ಬರೆಸುವುದು ನಮ್ಮ ಕಡೆಯ ರೂಢಿ. ಅಜ್ಜಿಗೆ ಅದೂ ನೆನಪಾಯಿತು. "ಕೂಸಿನ ಹೆಸರ್ಲೆ ಬರಸು" ಎಂದಳು. ಕೂಸಿಗೆ ಹೆಸರಿಟ್ಟಿರಲಿಲ್ಲ ಎಂದು ಆಕೆಗೆ ಆ ಮೇಲೆ ಹೊಳೆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದಳು. "ನಿನ್ನ ಹೆಸರ್ಲೆ ಬರಸ್ತೇವಿ. ಹಾಕ್ಲೇನವಾ?"

ಅಕ್ಕ ಅಜ್ಜಿಯನ್ನು ನೋಡಿದಳು, ಅಪ್ಪನ ಅಂಗೈ ನೋಡಿದಳು. ಅಜ್ಜಿಗೆ ಪಟ್ಟಿಯ ಅರ್ಥವನ್ನು ಈಗಲಾದರೂ ಯಾರಾದರೂ ಬಿಡಿಸಿ ಹೇಳಬಹುದಿತ್ತು.

"ತಗೋ ಅಪ್ಪ" ಎಂದಳು ಅಕ್ಕ.

ಮೂರು ತಿಂಗಳ ಮೇಲೆ ಆತನ ಜೊತೆ ಆಡಿದ ಮೊದಲ ಮಾತು ಅದು. ಅಪ್ಪ ಬೆರಳು ಮಡಚಿದ.

"ಬರೋಬರ್ ಮುಟ್ಟಸ್ತೀ ಹೌದಲ್ಲೊ?" ಎಂದು ಕೇಳಿದಳು ಅಜ್ಜಿ.

"ಹೂಂ" ಎಂದ ಅಪ್ಪ.

ಸರಕಾರದಿಂದ ಪಡೆಯುವುದು ಎಷ್ಟು ಕಷ್ಟವೋ, ಸರಕಾರಕ್ಕೆ ಏನಾದರೂ ಮುಟ್ಟಿಸುವುದು ಅದಕ್ಕಿಂತ ಕಷ್ಟ. ಅಜ್ಜಿಯೊಬ್ಬಳು ಕೊಟ್ಟ ಬೆಳ್ಳಿಯ ಉಡದಾರವನ್ನು ಯಾವ ಖಾತೆಗೆ ಜಮಾ ಮಾಡುವುದು? ಅಂಥ ಖಾತೆ ಇರಲಿಲ್ಲ. ಅದು ಅಪ್ಪನ ಕಚೇರಿಯ ಮೇಜಿನ ಡ್ರಾಯರಿನಲ್ಲಿ ಸುತ್ತಿಗೆಯ ಪಕ್ಕ ಉಳಿಯಿತು. ನಾನು ಒಮ್ಮೆ ಆತನಿಗೆ ಊಟದ ಡಬ್ಬಿ ಕೊಡಲು ಹೋದಾಗ ನೋಡಿದ್ದೆ. ಆತನೂ ನನ್ನನ್ನು ನೋಡಿದ. ಡಬ್ಬಿ ತೆಗೆದುಕೊಂಡು ಡ್ರಾಯರು ಮುಚ್ಚಿದ.

ಪಟ್ಟಿ ಹೊಸದಾಯಿತು. ಅಪ್ಪ ಬೇಸಿಗೆಯ ಉರಿಯಲ್ಲಿ ಅಲ್ಲೇ ಬಿಡಾರ ಹೂಡಿ ಹಾಸಿಸಿದ. ವಿಮಾನವೂ ಬಂತು, ವಾರಕ್ಕೆರಡು ಸಲ, ಹತ್ತಾರು ಸೀಟಿನದು. "ನಾ ಹಾಕಿದ ಮ್ಯಾಲ ಉಳಿದವ್ರೂ ಹಾಕಿದ್ರು ನೋಡ್ರಿ" ಎಂದು ಅಜ್ಜಿ ಬಂದವರಿಗೆಲ್ಲ ಹೇಳಿಕೊಂಡಳು. ಒಂದು ದೀಪಾವಳಿಗೆ ಆಕೆ ತೀರಿಕೊಂಡಳು, ತನ್ನ ಪಟ್ಟಿಯ ಮೇಲೆ ವಿಮಾನ ಓಡುತ್ತಿದೆ ಎಂಬ ತೃಪ್ತಿಯಲ್ಲಿ. ಮರುವರ್ಷ ಖಾಲಿ ಸೀಟಿನ ದುಡ್ಡು ಕೊಡುವುದನ್ನು ಸರಕಾರ ನಿಲ್ಲಿಸಿತು, ವಿಮಾನವೂ ನಿಂತಿತು. ಅದು ಆಕೆಗೆ ತಿಳಿಯಲಿಲ್ಲ. ಅಕ್ಕ ಭಾವ ಅಷ್ಟರಲ್ಲಿ ನಾಗಪುರಕ್ಕೆ ವರ್ಗವಾಗಿ ಬಂದಿದ್ದರು. ಆ ವಿಮಾನದಲ್ಲಿ ಅಕ್ಕ ಒಂದು ಸಲವೂ ಕೂರಲಿಲ್ಲ. ಈಗ ಅಲ್ಲಿ ಸುಗ್ಗಿಯಲ್ಲಿ ಸೋಯಾಬೀನ್ ಒಣಹಾಕುತ್ತಾರಂತೆ. ಚುನಾವಣೆ ಬಂದಾಗೊಮ್ಮೆ ಯಾರಾದರೊಬ್ಬರು ಬಂದು ವಿಮಾನ ಮತ್ತೆ ಬರುತ್ತದೆಂದು ಜನರ ಮೂಗಿಗೆ ತುಪ್ಪ ಸವರಿ ಹೋಗುತ್ತಾರೆ.

ಅಪ್ಪ ನಿವೃತ್ತನಾಗುವ ಹೊತ್ತಿಗೆ ನಮ್ಮ ಮನೆಯ ಕಡೆ ಮಿಹಾನ್ ಯೋಜನೆಗೆ ಜಮೀನು ಅಳೆಯುತ್ತಿದ್ದರು. ದೊಡ್ಡ ವಿಮಾನ ನಿಲ್ದಾಣ, ದೊಡ್ಡ ದೊಡ್ಡ ಮಾತು. ಬೀಳ್ಕೊಡುಗೆಯ ಸಂಜೆ ಆತ ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಹೊತ್ತು ಮನೆಗೆ ಬಂದ. ಅವ್ವ ಆರತಿ ಎತ್ತಿದಳು. ಕೂತಮೇಲೆ ಆತ ಜೇಬಿನಿಂದ ಹಳದಿ ಬಟ್ಟೆಯ ಗಂಟು ತೆಗೆದು ಅಕ್ಕನ ಮುಂದೆ ಹಿಡಿದ. ಬೆಳ್ಳಿ ಕಪ್ಪಾಗಿತ್ತು.

"ಇಡೀ ಸರ್ವಿಸಿನಾಗ ಒಂದ ಸುಳ್ಳು ಹೇಳೇನಿ" ಎಂದ. "ಅದೂ ಅವ್ವಗ. ಮುಟ್ಟಸ್ತೇನಿ ಅಂದಿದ್ದೆ, ಮುಟ್ಟಸಾಕ ಆಗಲಿಲ್ಲ. ನಿನ್ನದು ನೀ ತಗೋ."

ಅಕ್ಕ ಉಡದಾರವನ್ನು ತೆಗೆದುಕೊಂಡು ಸೆರಗಿನಿಂದ ತಿಕ್ಕಿದಳು. ಒಂದೆರಡು ಗೆಜ್ಜೆ ಬೆಳ್ಳಗಾದವು. ತುಸು ಹೊತ್ತು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ ಅದೇ ಬಟ್ಟೆಯಲ್ಲಿ ಸುತ್ತಿ, ಅಪ್ಪನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

"ಸುಳ್ಳು ಯಾಕ ಆಕೈತಿ?" ಎಂದಳು. "ಪಟ್ಟಿ ಇನ್ನೂ ಮುಗದಿಲ್ಲಪ್ಪ. ಇಟ್ಕೋ."